ಬೂಷ್ಟು ಅಂದುಕೊಂಡಿದ್ದು ಲೇಸ್‌ವಿಂಗ್ ಮೊಟ್ಟೆ

ಮೊದಲ ಸಲ ಕಂಡಾಗ ಬೂಷ್ಟು ಹಿಡಿದಿದೆ ಅಂದುಕೊಂಡು ಎಲೆಯನ್ನೇ ಕಿತ್ತು ಬಿಸಾಡಿದ್ದೆ. ಗುಲಾಬಿ ಎಲೆಯ ಅಡಿಭಾಗದಲ್ಲಿ ಕೂದಲಿಗಿಂತ ತೆಳುವಾದ ಬಿಳಿ ಎಳೆಗಳು ನೆಟ್ಟಗೆ ನಿಂತಿದ್ದವು. ಒಂದೊಂದರ ತುದಿಯಲ್ಲೂ ತಿಳಿಹಸಿರಿನ ಪುಟ್ಟ ಕಾಳು. ಮುಂದಿನ ವಾರ ಇನ್ನೊಂದು ಎಲೆಯಲ್ಲಿ ಅಂಥದ್ದೇ ಕಂಡಿತು. ಈ ಸಲ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಹಿಡಿದು ನೋಡಿದೆ. ಕಾಳಿನ ನೆತ್ತಿಯಲ್ಲಿ ಅಂಗಿ ಗುಂಡಿಯಂಥ ಬಿಳಿ ಚುಕ್ಕೆ ಇತ್ತು. ಬೂಷ್ಟಿಗೆ ಗುಂಡಿ ಎಲ್ಲಿಂದ ಬರಬೇಕು? ಅದು ಹಸಿರು ಲೇಸ್‌ವಿಂಗ್ ಎಂಬ ಜಾಲರಿ ರೆಕ್ಕೆಯ ಕೀಟದ ಮೊಟ್ಟೆ. ಹಿಂದೆ ಯುರೋಪಿನ ಪ್ರಕೃತಿಶಾಸ್ತ್ರಜ್ಞರೇ ಇವನ್ನು ಶಿಲೀಂಧ್ರವೆಂದು ಭಾವಿಸಿದ್ದುಂಟು ಎಂದು ಆಮೇಲೆ ಓದಿ ಸ್ವಲ್ಪ ಸಮಾಧಾನವಾಯಿತು.

ಸಾಕಿ ನೋಡಬೇಕೆನಿಸಿತು. ಎಂಟು ಮೊಟ್ಟೆಗಳಿದ್ದ ಎಲೆಯನ್ನು ಒಂದೇ ಡಬ್ಬಿಯಲ್ಲಿಟ್ಟೆ. ಅದೇ ನಾನು ಮಾಡಿದ ತಪ್ಪು. ನಾಲ್ಕನೇ ದಿನಕ್ಕೆ ಮೊಟ್ಟೆಗಳು ಬೂದಿ ಬಣ್ಣಕ್ಕೆ ತಿರುಗಿ ಮರಿಗಳು ಹೊರಬಂದವು. ಕೆಲವು ಗಂಟೆ ಖಾಲಿ ಚಿಪ್ಪಿನ ಮೇಲೇ ಕೂತಿದ್ದು, ಎಳೆ ಹಿಡಿದುಕೊಂಡು ಕೆಳಗಿಳಿದವು. ಮರುದಿನ ಬೆಳಿಗ್ಗೆ ಎಣಿಸಿದರೆ ಮೂರೇ ಉಳಿದಿದ್ದವು. ಒಡಹುಟ್ಟಿದವು ಅನ್ನುವ ಲೆಕ್ಕವೇ ಇಲ್ಲ, ಕೈಗೆ ಸಿಕ್ಕಿದ್ದನ್ನು ಹೀರುತ್ತವೆ. ಮೊಟ್ಟೆಯನ್ನು ಎಳೆಯ ತುದಿಯಲ್ಲಿಡುವುದು ಯಾಕೆ ಅಂತ ಆಗ ಅರ್ಥವಾಯಿತು: ಮೊದಲು ಹುಟ್ಟಿದ ಮರಿಗೂ ಇರುವೆಗಳಿಗೂ ಮೊಟ್ಟೆ ಸುಲಭವಾಗಿ ಎಟುಕುವುದಿಲ್ಲ.

ಉಳಿದ ಮೂರನ್ನು ಬೇರೆ ಬೇರೆ ಸೀಸೆಗೆ ಹಾಕಿದೆ. ಒಳಗೆ ಅವಿತುಕೊಳ್ಳಲು ಮಡಚಿದ ಕಾಗದದ ಚೂರು, ದಿನಕ್ಕೆರಡು ಸಲ ಗಿಡಹೇನು. ಮರಿ ತಿನ್ನುವುದನ್ನು ನೋಡುತ್ತಾ ಎಷ್ಟೋ ಸಂಜೆ ಕಳೆದಿದ್ದೇನೆ. ತಲೆಯ ಮುಂದೆ ಕುಡುಗೋಲಿನಂಥ ಎರಡು ದವಡೆ. ಒಂದೊಂದೂ ಎರಡು ಭಾಗ ಸೇರಿ ಆದದ್ದು, ನಡುವೆ ಸಣ್ಣ ಕಾಲುವೆ. ಹೇನನ್ನು ಕವ್ವನೆ ಹಿಡಿದು, ಕಾಲು ನೆಲಕ್ಕೆ ತಾಗದ ಹಾಗೆ ಮೇಲೆತ್ತಿ, ಒಳಗೆ ಜೀರ್ಣರಸ ಬಿಡುತ್ತದೆ. ಆಮೇಲೆ ಹೀರತೊಡಗಿದರೆ ಹೇನಿನ ಹೊಟ್ಟೆ ಕುಗ್ಗುತ್ತದೆ, ಕೊನೆಗೆ ಬರೀ ಸಿಪ್ಪೆ. ಒಂದು ನನ್ನ ಬೆರಳನ್ನೂ ಚುಚ್ಚಿ ನೋಡಿತು. ಸೊಳ್ಳೆ ಕಡಿದಷ್ಟೇ ಉರಿ.

ಇಷ್ಟು ತಿಂದರೂ ಸೀಸೆಯಲ್ಲಿ ಹಿಕ್ಕೆ ಇಲ್ಲ! ಮರಿಹುಳುವಿನ ಮಧ್ಯಕರುಳು ಹಿಂದಿನ ಕರುಳಿಗೆ ತೆರೆದುಕೊಂಡಿರುವುದಿಲ್ಲ, ಕಸವೆಲ್ಲ ಒಳಗೇ ಶೇಖರವಾಗುತ್ತದೆ. ಎರಡು ಸಲ ಪೊರೆ ಬಿಟ್ಟು ಮೂರನೇ ಹಂತ ಮುಗಿಸಿದ ಮೇಲೆ ಕಾಗದದ ಮಡಿಕೆಯಲ್ಲಿ ಗೂಡು ಕಟ್ಟಿತು. ರೇಷ್ಮೆ ಹುಳುವಿನ ಹಾಗೆ ಬಾಯಿಂದಲ್ಲ, ಹಿಂಬದಿಯಿಂದ ನೂಲು ಬಿಟ್ಟು. ಹತ್ತು ದಿನ ಕಳೆದರೂ ಅಲುಗಾಟವಿಲ್ಲ. ಸತ್ತಿದೆಯೆಂದು ಎರಡು ಗೂಡನ್ನು ಬಿಸಾಡುವುದರಲ್ಲಿದ್ದೆ. ಆ ರಾತ್ರಿಯೇ ಒಂದು ಗೂಡಿನ ಮುಚ್ಚಳ ಡಬ್ಬಿ ತೆರೆದಂತೆ ದುಂಡಗೆ ಕತ್ತರಿಸಿಕೊಂಡು ಮೇಲೆದ್ದಿತು. ಹೊರಬಂದದ್ದು ರೆಕ್ಕೆ ಮುದುಡಿಕೊಂಡ ವಿಕಾರ ಜೀವಿ. ಅಂಗವಿಕಲ ಹುಟ್ಟಿತಲ್ಲ ಅಂತ ಬೇಜಾರಾಯಿತು. ನಿಜಕ್ಕೂ ಅದು ಇನ್ನೂ ಕೋಶಾವಸ್ಥೆಯ ಚರ್ಮ ಬಿಟ್ಟಿರಲಿಲ್ಲ. ನಡೆದು ಹೋಗಿ, ಕಾಗದ ಹತ್ತಿ, ಅಲ್ಲಿ ಕೊನೆಯ ಪೊರೆ ಕಳಚಿ ರೆಕ್ಕೆ ಬಿಚ್ಚಿತು. ಜೀವಮಾನವೆಲ್ಲ ಕೂಡಿಟ್ಟಿದ್ದ ಕಸವನ್ನು ಒಂದು ಕರಿ ಉಂಡೆ ಮಾಡಿ ಹೊರಹಾಕಿತು.

ಸಾಕುವುದು ಇಷ್ಟಕ್ಕೆ ಮುಗಿಯಿತು, ಹೆಸರು ಹುಡುಕುವ ಕಷ್ಟ ಶುರುವಾಯಿತು. ಗಣ ನ್ಯೂರೋಪ್ಟೆರಾ, ಕುಟುಂಬ ಕ್ರೈಸೊಪಿಡೆ, ಇಲ್ಲಿಯವರೆಗೆ ಯಾರೂ ಹೇಳಬಹುದು. ಆದರೆ ಈ ಕುಟುಂಬದಲ್ಲಿ ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ. ಉಪಕುಟುಂಬಗಳು ಮೂರು: ನೊಥೊಕ್ರೈಸಿನೆ, ಅಪೊಕ್ರೈಸಿನೆ, ಕ್ರೈಸೊಪಿನೆ. ಬಹುಪಾಲು ಪ್ರಭೇದಗಳು ಕೊನೆಯದರಲ್ಲೇ. ಹೊನ್ನಗಣ್ಣು, ಹಸಿರು ಮೈ, ಜಾಲರಿ ರೆಕ್ಕೆ ಎಂದು ನಾನು ಬರೆದಿಟ್ಟ ಗುರುತುಗಳು ನೂರಾರು ಪ್ರಭೇದಗಳಿಗೆ ಹೊಂದುತ್ತವೆ. ಹೆಸರಿನಲ್ಲೂ ಗೊಂದಲ ಹಳೆಯದೇ. ಜೀವಿಗಳಿಗೆ ಹೆಸರಿಡುವ ಪದ್ಧತಿ ರೂಪಿಸಿದ ಲಿನ್ನೇಯಸ್ 1758ರಲ್ಲಿ ಇವನ್ನು ಹೆಮೆರೋಬಿಯಸ್ ಎಂಬ ಕುಲಕ್ಕೆ ಸೇರಿಸಿದ್ದ, ಅಂದರೆ ಒಂದು ದಿನ ಬಾಳುವುದು. ನನ್ನದು ಆರು ವಾರ ಬಾಳಿತು. 1815ರಲ್ಲಿ ಲೀಚ್ ಕ್ರೈಸೊಪಾ ಕುಲ ಮಾಡಿದ, 1964ರಲ್ಲಿ ಸ್ಟೈನ್‌ಮನ್ ಅದರೊಳಗಿನಿಂದ ಕ್ರೈಸೊಪರ್ಲಾ ಬೇರ್ಪಡಿಸಿದ.

ಕ್ರೈಸೊಪಾವೋ ಕ್ರೈಸೊಪರ್ಲಾವೋ? ಸುಳಿವು ಸಿಕ್ಕಿದ್ದು ಊಟದಲ್ಲಿ. ಪ್ರೌಢ ಕೀಟದ ಮುಂದೆ ಗಿಡಹೇನು ಇಟ್ಟೆ. ಮರಿಯಾಗಿದ್ದಾಗ ಅಷ್ಟು ಕೊಂದಿದ್ದ ಅದು ಈಗ ಮುಟ್ಟಲೇ ಇಲ್ಲ. ಜೇನು ಬೆರೆಸಿದ ನೀರಿನ ಹತ್ತಿಗೆ ಮಾತ್ರ ಬಾಯಿಟ್ಟಿತು. ಕ್ರೈಸೊಪಾದಲ್ಲಿ ಪ್ರೌಢವೂ ಬೇಟೆಯಾಡುತ್ತದೆ. ಕ್ರೈಸೊಪರ್ಲಾ ಮಕರಂದ, ಪರಾಗ, ಹೇನಿನ ಸಿಹಿದ್ರವದಲ್ಲೇ ಬದುಕುತ್ತದೆ. ಮತ್ತೆ ಮಸೂರ ಹಿಡಿದರೆ ಎದೆಯಿಂದ ಹೊಟ್ಟೆಯ ತನಕ ಬೆನ್ನಿನ ನಡುವೆ ತಿಳಿಹಳದಿ ಪಟ್ಟಿ. ಅದೂ ಕ್ರೈಸೊಪರ್ಲಾಕ್ಕೆ ತಾಳೆಯಾಯಿತು. ಮರಿಗಳ ಬೆನ್ನೂ ಬರಿದಾಗಿತ್ತು. ಇನ್ನೊಂದು ಗಿಡದಲ್ಲಿ ಸಿಕ್ಕಿದ್ದ ಮರಿ ಹೇನಿನ ಸಿಪ್ಪೆ, ಎಳೆ, ಧೂಳು ಎಲ್ಲವನ್ನೂ ಬೆನ್ನಿನ ಕೊಕ್ಕೆಗೂದಲಿಗೆ ಸಿಕ್ಕಿಸಿಕೊಂಡು ನಡೆಯುವ ಕಸದ ರಾಶಿಯಂತಿತ್ತು. ಅದರ ಕುಲ ಬೇರೆ.

ಕುಲ ಸಿಕ್ಕಿತು, ಇನ್ನೇನು ಪ್ರಭೇದದ ಹೆಸರು ಕಾರ್ನಿಯಾ ಎಂದು ಬರೆದುಬಿಡೋಣ ಅನ್ನಿಸಿತು. ಸ್ಟೀಫನ್ಸ್ 1836ರಲ್ಲಿ ಇಟ್ಟ ಹೆಸರು. ಅರ್ಥ ಮಾಂಸದ ಬಣ್ಣದ್ದು ಅಂತ. ಹಸಿರು ಕೀಟಕ್ಕೆ ಇದೆಂಥ ಹೆಸರು ಅನ್ನಬೇಡಿ, ಚಳಿಗಾಲ ಕಳೆಯುವಾಗ ಇದು ಕಂದುಗೆಂಪಿಗೆ ತಿರುಗುತ್ತದೆ. ಆದರೆ ಒಂದೇ ಪ್ರಭೇದ ಅಂದುಕೊಂಡಿದ್ದ ಕಾರ್ನಿಯಾ ನೋಟದಲ್ಲಿ ಒಂದೇ ಥರದ ಹಲವು ಪ್ರಭೇದಗಳ ಗುಂಪು ಎಂದು ಕೀಟ ಸಂಶೋಧಕ ಚಾರ್ಲ್ಸ್ ಹೆನ್ರಿ ಮತ್ತವರ ಸಂಗಡಿಗರು ತೋರಿಸಿದ್ದಾರೆ. ಹಲವನ್ನು ಬೇರ್ಪಡಿಸಲು ಹಾಡು ಕೇಳಬೇಕು. ಹಾಡು ಅಂದರೆ ಕಿವಿಗೆ ಬೀಳುವ ಸದ್ದಲ್ಲ. ಕೀಟ ಹೊಟ್ಟೆಯನ್ನು ಮೇಲೆ ಕೆಳಗೆ ಅದುರಿಸುತ್ತದೆ, ಆ ಕಂಪನ ಕಾಲುಗಳ ಮೂಲಕ ಎಲೆಗಿಳಿಯುತ್ತದೆ, ಎಲೆಯ ಮೇಲಿನ ಇನ್ನೊಂದು ಅದೇ ಲಯದಲ್ಲಿ ಉತ್ತರ ಕೊಡುತ್ತದೆ. ಲಯ ತಪ್ಪಿದರೆ ಜೋಡಿ ಕೂಡುವುದಿಲ್ಲ. ನನ್ನ ಡಬ್ಬಿಯಲ್ಲೂ ಅದುರಾಟ ಕಂಡಿದ್ದೇನೆ, ಅಳೆಯುವ ಉಪಕರಣ ಮಾತ್ರ ನನ್ನಲ್ಲಿಲ್ಲ. ಚೀಟಿಯಲ್ಲಿ "ಕ್ರೈಸೊಪರ್ಲಾ, ಕಾರ್ನಿಯಾ ಗುಂಪು" ಎಂದಷ್ಟೇ ಬರೆದೆ.

ಚೀಟಿ ಅಂಟಿಸುವಾಗ ಹೆಣ್ಣು ಕೀಟ ಮುಚ್ಚಳದ ಬಟ್ಟೆಗೆ ಹೊಟ್ಟೆಯ ತುದಿ ಒತ್ತುತ್ತಿತ್ತು. ಒಂದು ಹನಿ ಅಂಟಿಸಿ ಹೊಟ್ಟೆ ಎತ್ತಿತು. ಹನಿ ಎಳೆಯಾಗಿ ಹಿಗ್ಗಿ ಅಲ್ಲೇ ಗಟ್ಟಿಯಾಯಿತು, ತುದಿಗೊಂದು ಮೊಟ್ಟೆ ಕೂತಿತು. ಈ ಸಲ ಸೀಸೆಗಳನ್ನು ಮೊದಲೇ ತೊಳೆದಿಟ್ಟೆ, ಮೊಟ್ಟೆಗೊಂದರಂತೆ.