ತೋಟದ ಮನೆಯಲ್ಲಿ ಬರೆಯೋಕೆ ಎಲ್ಲಿ ಕೂರಬೇಕು?

ಚಿತ್ರದುರ್ಗದ ಸುತ್ತಮುತ್ತ ರಜೆಗೆಂದು ತೋಟದ ಮನೆ ಕಟ್ಟಿಸುವವರು ‘ಬರೆಯುವ ಕೋಣೆ’ ಅಂತ ಒಂದು ಮಾಡಿಸಿ, ಅಲುಗಾಡದ ಮೇಜು ಹಾಕಿಸುತ್ತಾರೆ. ಏಪ್ರಿಲ್‌ನಲ್ಲಿ ಆ ಕೋಣೆ ಕಾದ ಹಂಚು. ಜುಲೈನಲ್ಲಿ ಗಾಳಿಗೆ ಹಾಳೆಗಳೆಲ್ಲ ನೆಲದ ಮೇಲೆ. ಈ ಸೀಮೆಗೆ ಒಪ್ಪುವುದು ಹೊತ್ತಿಗೊಂದು ಜಾಗ, ಎತ್ತಿಕೊಂಡು ಓಡಾಡಲು ಒಂದು ಹಗುರ ಡೆಸ್ಕು.

ಮೊದಲು ನೆರಳು ಗುರುತಿಸಿ. ಬೆಳಗ್ಗೆ 8, 11, ಮಧ್ಯಾಹ್ನ 2, ಸಂಜೆ 5ಕ್ಕೆ ಜಗಲಿಯ ಮೇಲೆ ನೆರಳಿನ ಅಂಚಿಗೆ ಸೀಮೆಸುಣ್ಣದ ಗೆರೆ ಎಳೆಯಿರಿ. ಪೂರ್ವದ ಬಾಗಿಲ ಮನೆಯಾದರೆ ಬೆಳಗಿನ ಬರವಣಿಗೆ ಹಿತ್ತಿಲ ಕಡೆ, ಸಂಜೆಯದು ಮುಂದಿನ ಜಗಲಿಯಲ್ಲಿ. ಪಡುವಣದ ಕಲ್ಲುಕಟ್ಟೆ ನೋಡಲು ಚೆಂದ, ಆದರೆ ಹಗಲೆಲ್ಲ ಕುಡಿದ ಬಿಸಿಯನ್ನು ಕತ್ತಲಾದ ಮೇಲೂ ಉಗುಳುತ್ತಿರುತ್ತದೆ.

ಉತ್ತರದ ಕಿಟಕಿಗೆ ಬಿಸಿಲೇ ಬರದು ಎಂಬ ನಂಬಿಕೆ ಇಲ್ಲಿ ಅರ್ಧ ಸತ್ಯ. ಊರು ಇರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಎರಡನೇ ವಾರದವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಬೆಳಗ್ಗೆ, ಸಂಜೆ ಓರೆ ಬಿಸಿಲು ನೇರ ಕಣ್ಣಿಗೇ. ಅಷ್ಟು ಕೆಳಗಿಳಿದ ಬಿಸಿಲನ್ನು ಕಿಟಕಿಯ ಮೇಲಿನ ಸಜ್ಜಾ ತಡೆಯಲಾರದು. ಸುತ್ತಿಡುವ ಬಿದಿರು ಪರದೆ ಸಾಕು.

ಇನ್ನು ಗಾಳಿ. ಜೋಗಿಮಟ್ಟಿ ಕಡೆ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರ ನೆಟ್ಟಿರುವುದೇಕೆಂದು ಜೂನ್‌ನಿಂದ ಆಗಸ್ಟ್‌ವರೆಗೆ ನೈಋತ್ಯದ ಗಾಳಿಗೆ ಎದುರು ಕೂತವರಿಗೆ ಗೊತ್ತಾಗುತ್ತದೆ. ಆ ಮೂರು ತಿಂಗಳು ಮನೆಯ ಈಶಾನ್ಯ ಮೂಲೆ ಹಿಡಿಯಿರಿ. ಕಿಟಕಿ ಮಾಡಿಸುವಾಗ ಹಳೆಯ ನಾಲ್ಕು ರೆಕ್ಕೆಯದನ್ನೇ ಕೇಳಿ: ಕೆಳಗಿನ ಎರಡು ಮುಚ್ಚಿ ಮೇಲಿನೆರಡು ತೆರೆದರೆ ಬೆಳಕು ಹಾಳೆಗೆ ಬೀಳುತ್ತದೆ, ಗಾಳಿ ತಲೆಯ ಮೇಲೆ ಹಾದುಹೋಗುತ್ತದೆ. ಒಂದೇ ಗಾಜಿನ ಸ್ಲೈಡಿಂಗ್ ಕಿಟಕಿಯಲ್ಲಿ ಈ ಉಪಾಯ ನಡೆಯದು. ಬಲಗೈಯವರಿಗೆ ಬೆಳಕು ಎಡದಿಂದ ಬರಲಿ, ಎಡಗೈಯವರಿಗೆ ಬಲದಿಂದ; ತಪ್ಪಿದರೆ ಕೈಯ ನೆರಳು ಅಕ್ಷರದ ಮೇಲೆ.

ಡೆಸ್ಕಿನ ಅಳತೆ ಬಡಗಿಗೆ ಬರೆದೇ ಕೊಡಿ. ಚಕ್ಕಳಮಕ್ಕಳ ಹಾಕಿ ಕೂರುವುದಾದರೆ ಮೇಲ್ಹಲಗೆ 24 ಇಂಚು ಉದ್ದ, 18 ಇಂಚು ಅಗಲ. ಮುಂದಿನ ಅಂಚು ನೆಲದಿಂದ 11 ಇಂಚು, ಹಿಂದಿನದು 14. ಸುಮಾರು 10 ಡಿಗ್ರಿ ಇಳಿಜಾರು ಸಿಗುತ್ತದೆ, ಕತ್ತು ಅಷ್ಟು ಬಗ್ಗುವುದಿಲ್ಲ. ಪೆನ್ನು ಜಾರದಂತೆ ಮುಂದೆ ಅರ್ಧ ಇಂಚಿನ ಪಟ್ಟಿ ಹೊಡೆಸಿ. ಡ್ರಾಯರ್ ಆಸೆ ಬಿಡಿ, ಮಂಡಿಗೆ ತಾಗುತ್ತದೆ. ಕುರ್ಚಿಯೇ ಬೇಕೆಂದರೆ ಸೀಟು 17–18 ಇಂಚು, ಮೇಜು 28–29. ಕಡಪ ಕಲ್ಲಿನ ಮೇಜು ಅಗ್ಗವೆಂದು ಹಾಕಿಸುವವರು ಗಮನಿಸಿ: 4 ಅಡಿಗೆ 2 ಅಡಿ, ಒಂದಿಂಚು ದಪ್ಪದ ಹಲಗೆ ಹತ್ತಿರಹತ್ತಿರ 50 ಕಿಲೋ ತೂಗುತ್ತದೆ, ಪಾಲಿಶ್ ಮಾಡಿದ್ದಾದರೆ ಬೆಳಕೂ ಕಣ್ಣಿಗೆ ಹೊಡೆಯುತ್ತದೆ.

ಗೋಡೆ ಒಂದೂವರೆ, ಎರಡು ಅಡಿ ದಪ್ಪದ ಹಳೆಯ ಮಾಳಿಗೆ ಮನೆ (ಮಣ್ಣಿನ ಚಪ್ಪಟೆ ಚಾವಣಿಯದು) ಕೈಗೆ ಸಿಕ್ಕಿದ್ದರೆ ಅದನ್ನು ಕೆಡವಬೇಡಿ, ಒಳಗೆ ತಂಪು. ನಡುಮಧ್ಯಾಹ್ನ ಚಾವಣಿಯ ಬೆಳಕಿಂಡಿಯ ಪಕ್ಕ, ಅದರ ಬಿಸಿಲ ಚೌಕಕ್ಕೆ ಎರಡಡಿ ಆಚೆ ಕೂತರೆ ದೀಪವೇ ಬೇಡ.

ಕಲ್ಲುಕಟ್ಟೆಗೆ ಚಳ್ಳಕೆರೆ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ. ಸ್ಪಂಜಿನ ದಿಂಬು ಬೆವರಿಸುತ್ತದೆ. ಕಟ್ಟೆಯ ಅಗಲ 18 ಇಂಚು ಮೀರಿದರೆ ಬೆನ್ನಿಗೆ ಒರಗುದಿಂಬು ಬೇಕು. ರಾತ್ರಿಗೆ 9 ವ್ಯಾಟಿನ ಹಳದಿ ಎಲ್‌ಇಡಿ ಸಾಕು. ಬಿಳಿ ದೀಪಕ್ಕೆ ಹುಳ ಹೆಚ್ಚು. ಮೊದಲ ಮಳೆ ಬಿದ್ದ ಸಂಜೆ ಈಸಲು (ರೆಕ್ಕೆಯ ಗೆದ್ದಲು) ಎದ್ದರೆ ಯಾವ ದೀಪವೂ ಬೇಡ, ಆರಿಸಿ ಮಲಗಿ.

ಬೀಗ ಹಾಕಿ ಹೊರಡುವ ದಿನದ ಕೆಲಸ ಮರೆಯುವವರೇ ಹೆಚ್ಚು. ಡೆಸ್ಕು ಗೋಡೆಯಿಂದ ಒಂದು ಗೇಣು ದೂರವಿರಲಿ, ಗೆದ್ದಲು ಹೆಚ್ಚಾಗಿ ಗೋಡೆ ಹಿಡಿದು ಬರುವುದು. ಕಾಲಿಗೆ ನೀರಿನ ಬಟ್ಟಲು ಇಡುವುದು ವಾರದೊಳಗೆ ಒಣಗುವ ಉಪಾಯ. ಹಾಳೆ, ಪುಸ್ತಕ ತಗಡಿನ ಟ್ರಂಕಿಗೆ ಹಾಕಿ, ಟ್ರಂಕನ್ನು ಇಟ್ಟಿಗೆಯ ಮೇಲೆ ಏರಿಸಿ. ರಬ್ಬರ್ ಬ್ಯಾಂಡ್ ಬೇಡ, ಸೆಕೆಗೆ ಕರಗಿ ಕಾಗದಕ್ಕೆ ಅಂಟುತ್ತದೆ, ದಾರ ಕಟ್ಟಿ. ಇಂಕ್ ಪೆನ್ನು ತೊಳೆದು ಒಣಗಿಸಿ. ಮರಳಿ ಬಂದಾಗ ಕಂಬಳಿಯನ್ನು ಅಂಗಳದಲ್ಲಿ ಕೊಡವಿ, ಬಿಸಿಲಿಗೆ ಹಾಕಿ, ಆಮೇಲೆ ಕೂರಿ. ಬೆಚ್ಚಗಿನ ಮಡಿಕೆ ಕಲ್ಲುಸಂದಿಯ ಚೇಳಿಗೂ ಇಷ್ಟ.