ಇಂಗ್ಲೆಂಡಿನಲ್ಲಿ ಮನೆ ಕೊಳ್ಳುತ್ತಿದ್ದೀರಾ? ಮೊದಲು ಒಳ್ಳೆಯ ಸಾಲಿಸಿಟರ್ ಹುಡುಕಿ

‘ಅಕ್ಕಾ, ಆಫರ್ ಒಪ್ಪಿಬಿಟ್ರು! ಏಜೆಂಟ್ ಸಾಲಿಸಿಟರ್ ಹೆಸರು ಕೇಳ್ತಿದ್ದಾನೆ, ಯಾರನ್ನ ಹಿಡೀಲಿ?’ ವರ್ಷಕ್ಕೆ ನಾಲ್ಕೈದು ಸಲವಾದರೂ ನನಗೆ ಈ ಫೋನ್ ಬರುತ್ತದೆ. ಮನೆ ನೋಡಲು ಆರು ತಿಂಗಳು ಸುತ್ತಿದವರು ಸಾಲಿಸಿಟರನ್ನು, ಅಂದರೆ ಮನೆಯ ಕಾಗದಪತ್ರ ನೋಡುವ ವಕೀಲರನ್ನು, ಒಂದೇ ಸಂಜೆಯಲ್ಲಿ ಆರಿಸಲು ಹೊರಟಿರುತ್ತಾರೆ. ನಾಟಿಂಗ್‌ಹ್ಯಾಮ್‌ಶೈರ್‌ನಲ್ಲಿ ಎರಡು ಮನೆ ಕೊಂಡು, ಒಂದು ಮಾರಿದ ಮೇಲೆ ನಾನು ಕಲಿತದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ಇದು ಇಂಗ್ಲೆಂಡಿನ ಮಾತು. ಸ್ಕಾಟ್ಲೆಂಡಿನ ಪದ್ಧತಿಯೇ ಬೇರೆ, ವೇಲ್ಸಿನಲ್ಲಿ ತೆರಿಗೆ ಬೇರೆ.

ನಮ್ಮೂರಲ್ಲಿ ಕೊಳ್ಳುವವರು, ಮಾರುವವರು, ಸಾಕ್ಷಿಗಳು ಎಲ್ಲರೂ ಒಂದೇ ದಿನ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುತ್ತೇವೆ. ಹೆಬ್ಬೆಟ್ಟು, ಫೋಟೊ, ಸಹಿ, ಎಲ್ಲ ಕಣ್ಣೆದುರೇ ನಡೆಯುತ್ತದೆ. ಇಲ್ಲಿ ಹಾಗಿಲ್ಲ. ನೀವು ಯಾವ ಕಚೇರಿಗೂ ಹೋಗುವುದಿಲ್ಲ, ಮಾರುವವರ ಮುಖ ಕೊನೆಯವರೆಗೂ ನೋಡದೇ ಇರಬಹುದು. ನಿಮ್ಮ ಸಾಲಿಸಿಟರ್ ಮತ್ತು ಅವರ ಸಾಲಿಸಿಟರ್ ನಡುವೆ ಮೂರು ನಾಲ್ಕು ತಿಂಗಳು ಕಾಗದ ಓಡಾಡುತ್ತದೆ, ಅಷ್ಟೇ. ಹೀಗಾಗಿ ಆ ಒಬ್ಬರು ಎಚ್ಚರವಾಗಿದ್ದರೆ ನೀವು ಬಚಾವ್.

ಈ ಕೆಲಸಕ್ಕೆ ಇಲ್ಲಿ ಕನ್ವೆಯನ್ಸಿಂಗ್ ಎನ್ನುತ್ತಾರೆ. ಇದನ್ನು ಸಾಮಾನ್ಯವಾಗಿ ಇಬ್ಬರಲ್ಲಿ ಒಬ್ಬರು ಮಾಡುತ್ತಾರೆ: ಸಾಲಿಸಿಟರ್, ಅಥವಾ ಈ ಕೆಲಸಕ್ಕೆಂದೇ ಪರವಾನಗಿ ಪಡೆದ ಲೈಸೆನ್ಸ್ಡ್ ಕನ್ವೆಯನ್ಸರ್. ಮೊದಲಿನವರ ಮೇಲೆ ಸಾಲಿಸಿಟರ್ಸ್ ರೆಗ್ಯುಲೇಶನ್ ಅಥಾರಿಟಿಯ ನಿಗಾ ಇದೆ, ಎರಡನೆಯವರ ಮೇಲೆ ಕೌನ್ಸಿಲ್ ಫಾರ್ ಲೈಸೆನ್ಸ್ಡ್ ಕನ್ವೆಯನ್ಸರ್ಸ್‌ನದು. ಎರಡೂ ಸಂಸ್ಥೆಗಳ ವೆಬ್‌ಸೈಟಿನಲ್ಲಿ ಹೆಸರು ಹಾಕಿ ಹುಡುಕಬಹುದು. ಹುಡುಕದೆ ಒಂದು ಪೌಂಡೂ ಕಳಿಸಬೇಡಿ, ಏಕೆಂದರೆ ಸುಳ್ಳು ಫರ್ಮುಗಳೂ ಇವೆ. ಸಾಲಿಸಿಟರುಗಳ ಸಂಘವಾದ ಲಾ ಸೊಸೈಟಿಯ ಕನ್ವೆಯನ್ಸಿಂಗ್ ಕ್ವಾಲಿಟಿ ಸ್ಕೀಮಿನ ಗುರುತಿದ್ದರೆ ಒಳ್ಳೆಯದೇ. ಅದಕ್ಕಿಂತ ಮುಖ್ಯ, ನಿಮಗೆ ಸಾಲ ಕೊಡುವ ಬ್ಯಾಂಕು ಒಪ್ಪಿದ ಫರ್ಮುಗಳ ಪಟ್ಟಿಯಲ್ಲಿ, ಅಂದರೆ ಪ್ಯಾನಲ್‌ನಲ್ಲಿ ಆ ಫರ್ಮ್ ಇರಬೇಕು. ಇಲ್ಲದಿದ್ದರೆ ಬ್ಯಾಂಕು ಬೇರೆ ಸಾಲಿಸಿಟರನ್ನು ಇಟ್ಟುಕೊಂಡು ಆ ಖರ್ಚನ್ನೂ ನಿಮ್ಮ ಮೇಲೆ ಹಾಕೀತು.

ನಮ್ಮ ಮೊದಲ ಮನೆಯ ಕಥೆ ಹೇಳಲೇಬೇಕು. ಏಜೆಂಟ್ ಒಂದು ಫರ್ಮಿನ ಹೆಸರು ಕೊಟ್ಟ, ಕಡಿಮೆ ದರ, ‘ಎಲ್ಲ ಆನ್‌ಲೈನ್’ ಎಂದ. ಒಪ್ಪಿಕೊಂಡೆವು. ಹೀಗೆ ಗಿರಾಕಿ ಕಳಿಸಿದ್ದಕ್ಕೆ ಏಜೆಂಟರಿಗೆ ರೆಫರಲ್ ಶುಲ್ಕ ಸಿಗುವುದುಂಟು. ಅದನ್ನು ನಿಮಗೆ ತಿಳಿಸುವುದು ಅವರ ಕರ್ತವ್ಯ, ಕೇಳಿ ತಿಳಿದುಕೊಳ್ಳಿ. ಅವರು ಹೇಳಿದವರನ್ನೇ ಹಿಡಿಯಬೇಕೆಂಬ ಕಟ್ಟುಪಾಡು ನಿಮಗಿಲ್ಲ. ನಾಲ್ಕು ತಿಂಗಳಲ್ಲಿ ನಮ್ಮ ಫೈಲು ಮೂರು ಜನರ ಕೈ ಬದಲಾಯಿಸಿತು. ಫೋನ್ ಮಾಡಿದರೆ ಪ್ರತಿ ಸಲ ಹೊಸ ದನಿ, ಪ್ರತಿ ಸಲ ಮೊದಲಿಂದ ಕಥೆ. ಕೊನೆಗೆ ಕೀಲಿ ಸಿಕ್ಕಿತು, ಹಾಲು ಉಕ್ಕಿಸಿದೆವು, ಎಲ್ಲ ಮರೆತೆವು.

ಆರು ವರ್ಷದ ನಂತರ ಮಾರಲು ಹೊರಟಾಗ ಎದುರು ಕಡೆಯ ಸಾಲಿಸಿಟರ್ ಕೇಳಿದ ಮೊದಲ ಪ್ರಶ್ನೆಗೇ ನಮ್ಮಲ್ಲಿ ಉತ್ತರ ಇರಲಿಲ್ಲ. ಅಡುಗೆಮನೆಯ ಹಿಂದಕ್ಕೆ ಹೆಚ್ಚುವರಿಯಾಗಿ ಕಟ್ಟಿದ ಭಾಗಕ್ಕೆ ಕೌನ್ಸಿಲಿನ ಬಿಲ್ಡಿಂಗ್ ರೆಗ್ಯುಲೇಶನ್ಸ್ ಸರ್ಟಿಫಿಕೇಟ್ ಎಲ್ಲಿ? ನಾವು ಕೊಳ್ಳುವಾಗ ಯಾರೂ ಅದನ್ನು ಕೇಳಿರಲೇ ಇಲ್ಲ. ಗಾಬರಿಯಲ್ಲಿ ನನ್ನ ಗಂಡ ಕೌನ್ಸಿಲಿಗೆ ಫೋನ್ ಮಾಡಲು ಹೊರಟಿದ್ದರು. ಹೊಸ ಸಾಲಿಸಿಟರ್ ತಡೆದರು. ಇಂಥ ಕೊರತೆಗೆಂದೇ ಇಂಡೆಮ್ನಿಟಿ ಇನ್ಶೂರೆನ್ಸ್ ಎಂಬುದಿದೆ, ಆದರೆ ನೀವಾಗಿ ಕೌನ್ಸಿಲಿಗೆ ವಿಷಯ ತಿಳಿಸಿದರೆ ಆ ವಿಮೆ ಸಿಗುವುದು ಕಷ್ಟ. ವಿಮೆಗೆ ದುಡ್ಡು ಕಟ್ಟಿ, ವಾರಗಟ್ಟಲೆ ಕಾದು, ಹೇಗೋ ದಾಟಿದೆವು. ಕೊಳ್ಳುವಾಗ ಸಾಲಿಸಿಟರ್ ಬಿಟ್ಟ ಪ್ರಶ್ನೆ ಮಾರುವಾಗ ನಮ್ಮ ಎದುರಿಗೇ ಬಂದು ನಿಂತಿತ್ತು.

ಆ ಹೊಸ ಸಾಲಿಸಿಟರ್ ಇಲ್ಲಿ ನಾವಿರುವ ಊರಿನವರೇ. ಔಷಧಿ ಅಂಗಡಿಯ ಮೇಲೆ ಎರಡು ಕೋಣೆಯ ಆಫೀಸು. ಎರಡನೇ ಮನೆ ಕೊಳ್ಳುವಾಗ ಲ್ಯಾಂಡ್ ರಿಜಿಸ್ಟ್ರಿಯ (ಇಲ್ಲಿನ ಆಸ್ತಿ ನೋಂದಣಿ ಇಲಾಖೆ) ಪ್ಲಾನನ್ನು ಮೇಜಿನ ಮೇಲೆ ಹರಡಿ, ಮನೆಯ ಸುತ್ತ ಇದ್ದ ಕೆಂಪು ಗೆರೆಯ ಮೇಲೆ ಪೆನ್ನು ಆಡಿಸಿದರು. ‘ಈ ಗೆರೆ ಅಂದಾಜು ಮಾತ್ರ, ಇಂಚು ಲೆಕ್ಕದ ಗಡಿ ಅಲ್ಲ’ ಎಂದರು. ನಮ್ಮ ಕ್ರಯಪತ್ರದಲ್ಲಿ ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ರಸ್ತೆ, ಉದ್ದ ಇಷ್ಟು ಅಡಿ, ಅಗಲ ಇಷ್ಟು ಅಡಿ ಎಂದು ಚಕ್ಕುಬಂದಿ ಬರೆದಿರುತ್ತದಲ್ಲ, ಅದನ್ನು ನೋಡಿ ಬೆಳೆದ ನನಗೆ ಇದು ಹೊಸದು. ಆಮೇಲೆ ಹಿತ್ತಲಿನಲ್ಲಿ ಹಾದುಹೋಗುವ ನೀಲಿ ಬಣ್ಣದ ಪಟ್ಟಿಯೊಂದನ್ನು ತೋರಿಸಿದರು. ‘ಪಕ್ಕದ ಎರಡು ಮನೆಯವರಿಗೆ ಕಸದ ಬಿನ್ ಹೊರಗೆ ತರಲು ಇಲ್ಲಿ ದಾರಿಯ ಹಕ್ಕಿದೆ. ಇದಕ್ಕೆ ಅಡ್ಡ ಬೇಲಿ ಹಾಕುವಂತಿಲ್ಲ, ಒಪ್ಪಿಗೆಯೇ?’ ಹಳೆಯ ಸಾಲುಮನೆಗಳಲ್ಲಿ ಇದು ಮಾಮೂಲು. ಮನೆ ನೋಡಲು ಮೂರು ಸಲ ಹೋದಾಗಲೂ ನಮ್ಮ ಕಣ್ಣಿಗೆ ಅದು ಬಿದ್ದಿರಲಿಲ್ಲ.

ಸ್ಥಳೀಯರು ಬೇಕು ಎಂದು ನಾನು ಹೇಳುವುದು ಇದಕ್ಕೇ. ನಮ್ಮ ಕಡೆ ಮ್ಯಾನ್ಸ್‌ಫೀಲ್ಡ್, ಹಕ್ನಲ್ ಎಲ್ಲ ಹಳೆಯ ಕಲ್ಲಿದ್ದಲು ಗಣಿಯ ಊರುಗಳು. ಕಲ್ಲಿದ್ದಲು ಸರ್ಚ್ (ನೆಲದಡಿ ಹಳೆಯ ಗಣಿ ಇದೆಯೇ ಎಂಬ ದಾಖಲೆ ತಪಾಸಣೆ) ಮಾಡಿಸದೆ ಇಲ್ಲಿ ಯಾರೂ ಮನೆ ಕೊಳ್ಳುವುದಿಲ್ಲ. ನಾಟಿಂಗ್‌ಹ್ಯಾಮ್ ನಗರದ ಕೆಳಗೆ ಮರಳುಗಲ್ಲಿನಲ್ಲಿ ಜನ ಕೊರೆದ 800ಕ್ಕೂ ಹೆಚ್ಚು ಗುಹೆಗಳಿವೆ. ಚೆಷೈರ್‌ನಲ್ಲಿ ಉಪ್ಪುನೀರು ತೆಗೆದು ನೆಲ ಕುಸಿದ ಜಾಗಗಳಿವೆ, ಕಾರ್ನ್‌ವಾಲ್‌ನಲ್ಲಿ ತವರದ ಗಣಿಗಳು. ಲೋಕಲ್ ಅಥಾರಿಟಿ ಸರ್ಚ್, ನೀರು ಮತ್ತು ಚರಂಡಿ ಸರ್ಚ್, ಪರಿಸರ ಸರ್ಚ್ ಎಲ್ಲ ಸಾಲಿಸಿಟರೂ ಮಾಡಿಸುತ್ತಾರೆ. ಬಂದ ವರದಿಯನ್ನು ಓದಿ, ‘ಈ ಬೀದಿಯಲ್ಲಿ ಮಳೆಗಾಲದಲ್ಲಿ ನೀರು ನಿಲ್ಲುತ್ತೆ, ಇನ್ನೊಂದು ಪ್ರಶ್ನೆ ಕೇಳೋಣ’ ಎನ್ನುವವರು ಅದೇ ಊರಿನಲ್ಲಿ ಕೆಲಸ ಮಾಡಿದವರು.

ಎರಡು ಮೂರು ಕಡೆ ಫೋನ್ ಮಾಡಿ ಮಾತಾಡಿ. ನನ್ನ ಫೈಲು ನೋಡುವವರು ಯಾರು, ಅವರ ನೇರ ನಂಬರ್ ಸಿಗುತ್ತದೆಯೇ, ಅವರು ರಜೆ ಹೋದರೆ ಯಾರು ನೋಡುತ್ತಾರೆ ಎಂದು ಕೇಳಿ. ಇದಕ್ಕೆ ತಡವರಿಸುವ ಫರ್ಮ್ ಬೇಡ. ದರವನ್ನು ಅವರು ವೆಬ್‌ಸೈಟಿನಲ್ಲಿ ಹಾಕಲೇಬೇಕೆಂಬ ನಿಯಮ 2018ರ ಡಿಸೆಂಬರ್‌ನಿಂದ ಇದೆ. ಆದರೆ ಮೇಲೆ ಕಾಣುವ ಮೊತ್ತ ನಂಬಬೇಡಿ. ಅದರ ಮೇಲೆ ಶೇ 20 ವ್ಯಾಟ್, ಸರ್ಚ್‌ಗಳ ಖರ್ಚು, ಲ್ಯಾಂಡ್ ರಿಜಿಸ್ಟ್ರಿ ಶುಲ್ಕ, ಲೀಸ್‌ಹೋಲ್ಡ್ (ಇಷ್ಟು ವರ್ಷಕ್ಕೆಂದು ಗುತ್ತಿಗೆಯಲ್ಲಿ ಸಿಗುವ ಮನೆ) ಆದರೆ ಇನ್ನಷ್ಟು, ಅಪ್ಪ ಅಮ್ಮ ದುಡ್ಡು ಕೊಟ್ಟಿದ್ದರೆ ಅದಕ್ಕೊಂದಿಷ್ಟು, ಹೀಗೆ ಸೇರುತ್ತಾ ಹೋಗುತ್ತದೆ. ‘ನನ್ನ ಕೇಸಿಗೆ ಒಟ್ಟು ಎಷ್ಟು’ ಎಂದು ಬರವಣಿಗೆಯಲ್ಲಿ ಪಡೆಯಿರಿ. ಲೀಸ್‌ಹೋಲ್ಡ್ ಫ್ಲ್ಯಾಟ್ ಆದರೆ ಅದರಲ್ಲೇ ಪಳಗಿದವರು ಬೇಕು. ಲೀಸ್ 80 ವರ್ಷಕ್ಕಿಂತ ಕೆಳಗಿಳಿದ ಫ್ಲ್ಯಾಟಿನ ವಿಷಯದಲ್ಲಿ ಮೂರು ಸಲ ಯೋಚಿಸಿ.

ಕನ್ನಡ ಮಾತಾಡುವ ಸಾಲಿಸಿಟರ್ ಇದ್ದಾರಾ ಎಂದು ಕೆಲವರು ಕೇಳುತ್ತಾರೆ. ಸಿಕ್ಕರೆ ಸಂತೋಷ, ಆದರೆ ಭಾಷೆಯೊಂದನ್ನೇ ನೋಡಿ ಆರಿಸಬೇಡಿ. ಇನ್ನೊಂದು, ನಮ್ಮವರೇ ನಮ್ಮವರಿಗೆ ಮನೆ ಮಾರುವಾಗ ‘ಇಬ್ಬರಿಗೂ ಒಬ್ಬರೇ ಸಾಲಿಸಿಟರ್ ಸಾಕು, ಖರ್ಚು ಉಳಿಯುತ್ತೆ’ ಎನ್ನುತ್ತಾರೆ. ಎಷ್ಟೇ ಸ್ನೇಹವಿರಲಿ, ನಿಮ್ಮ ಪರ ನಿಲ್ಲುವವರು ನಿಮ್ಮವರೇ ಆಗಿರಲಿ.

ಈಗ ನಮ್ಮ ಜನ ಎಡವುವ ಜಾಗಕ್ಕೆ ಬರುತ್ತೇನೆ. ಊರಿನಲ್ಲಿರುವ ಆಸ್ತಿಯ ವಿಷಯವನ್ನು ಮೊದಲ ದಿನವೇ ಸಾಲಿಸಿಟರಿಗೆ ಹೇಳಿ. ‘ಅದು ಇಂಡಿಯಾದ್ದು, ಇಲ್ಲಿಗೇನು ಸಂಬಂಧ’ ಎಂದುಕೊಳ್ಳಬೇಡಿ, ಸಂಬಂಧ ಇದೆ. ಸ್ಟ್ಯಾಂಪ್ ಡ್ಯೂಟಿಯ ಲೆಕ್ಕಕ್ಕೆ ಪ್ರಪಂಚದಲ್ಲಿ ಎಲ್ಲಿ ಮನೆ ಇದ್ದರೂ ಮನೆಯೇ. 4 ಲಕ್ಷ ಪೌಂಡಿನ ಮನೆ ಎಂದಿಟ್ಟುಕೊಳ್ಳಿ. 2025ರ ಏಪ್ರಿಲ್‌ನಿಂದ ಇರುವ ದರದಲ್ಲಿ, ಎಲ್ಲೂ ಎಂದೂ ಮನೆ ಇಲ್ಲದ ಮೊದಲ ಸಲದವರಿಗೆ 5,000 ಪೌಂಡ್. ಬೆಂಗಳೂರಿನಲ್ಲಿ ಫ್ಲ್ಯಾಟ್ ಇಟ್ಟುಕೊಂಡೇ ಇಲ್ಲಿ ಕೊಂಡರೆ, ಮಾಮೂಲಿ 10,000ದ ಮೇಲೆ ಶೇ 5ರ ಹೆಚ್ಚುವರಿ ಸೇರಿ 30,000. ಫ್ಲ್ಯಾಟ್ ಗಂಡನ ಹೆಸರಿನಲ್ಲಿದೆ, ಹೆಂಡತಿಯ ಹೆಸರಿನಲ್ಲಿ ಇಲ್ಲಿ ಕೊಳ್ಳೋಣ ಎಂಬ ಉಪಾಯ ನಡೆಯುವುದಿಲ್ಲ, ಒಟ್ಟಿಗೆ ಬಾಳುವ ಗಂಡ ಹೆಂಡತಿಯನ್ನು ಒಂದೇ ಎಂದು ಲೆಕ್ಕ ಹಾಕುತ್ತಾರೆ. ಅಜ್ಜನ ಮನೆಯಲ್ಲಿ ಪಾಲು ಬಂದಿದ್ದರೆ ಅದನ್ನೂ ಹೇಳಿ. ಖಾಲಿ ಸೈಟು ಬೇರೆ, ಕಟ್ಟಿದ ಮನೆ ಬೇರೆ, ಆದರೆ ಎರಡನ್ನೂ ಹೇಳಿ. ಯಾವುದು ಲೆಕ್ಕಕ್ಕೆ ಬರುತ್ತದೆ, ಯಾವ ವಿನಾಯಿತಿ ಸಿಗುತ್ತದೆ ಎಂದು ಅವರು ನೋಡಲಿ.

ಹೊಸದಾಗಿ ಬಂದವರಿಗೆ ಇನ್ನೊಂದಿದೆ. ಕೊಳ್ಳುವ ದಿನಕ್ಕೆ ಹಿಂದಿನ 12 ತಿಂಗಳಲ್ಲಿ ನೀವು ಇಲ್ಲಿ 183 ದಿನ ಇದ್ದಿಲ್ಲದಿದ್ದರೆ ಶೇ 2 ಹೆಚ್ಚು ಕಟ್ಟಬೇಕು. ಮೇಲಿನ ಮನೆಗೆ ಅದು 8,000 ಪೌಂಡ್. ಕೊಂಡ ಮೇಲೆ ಇಲ್ಲೇ ಇದ್ದು ದಿನಗಳ ಲೆಕ್ಕ ತುಂಬಿದರೆ ಅದನ್ನು ವಾಪಸ್ ಕೇಳಬಹುದು. ನಿಮ್ಮ ಸಾಲಿಸಿಟರಿಗೆ ಇದು ಗೊತ್ತಿದೆಯೇ ಎಂದು ಮೊದಲ ಫೋನಿನಲ್ಲೇ ಕೇಳಿನೋಡಿ. ಉತ್ತರ ಬರುವ ರೀತಿಯಲ್ಲೇ ಅವರು ಹೊರದೇಶದಿಂದ ಬಂದವರ ಕೆಲಸ ಮಾಡಿದ್ದಾರೋ ಇಲ್ಲವೋ ತಿಳಿಯುತ್ತದೆ.

ದುಡ್ಡಿನ ಮೂಲವನ್ನೂ ಕೇಳುತ್ತಾರೆ. ನಮ್ಮ ತಂದೆ ತುಮಕೂರಿನ ಸೈಟು ಮಾರಿ ನಮಗೆ ದುಡ್ಡು ಕಳಿಸಿದ್ದರು. ಅವರ ಬ್ಯಾಂಕ್ ಸ್ಟೇಟ್‌ಮೆಂಟ್, ಪಾಸ್‌ಪೋರ್ಟ್, ಸೈಟಿನ ಕ್ರಯಪತ್ರ ಎಲ್ಲ ಕೇಳಿದಾಗ, ‘ನನ್ನ ದುಡ್ಡು ನನ್ನ ಮಗಳಿಗೆ ಕೊಡೋದಕ್ಕೆ ಅವರಿಗ್ಯಾಕಮ್ಮ ಲೆಕ್ಕ?’ ಎಂದು ನೊಂದುಕೊಂಡರು. ಕಪ್ಪುಹಣ ತಡೆಯುವ ಕಾನೂನು ಇದು, ಯಾರನ್ನೂ ಬಿಡುವುದಿಲ್ಲ. ಹಿರಿಯರಿಗೆ ಮೊದಲೇ ತಿಳಿಸಿ ಹೇಳಿದರೆ ಅವರಿಗೆ ಅವಮಾನ ಅನ್ನಿಸುವುದಿಲ್ಲ. ಕ್ರಯಪತ್ರ ಕನ್ನಡದಲ್ಲಿದ್ದರೆ ಪ್ರಮಾಣೀಕರಿಸಿದ ಅನುವಾದ ಬೇಕಾಗಬಹುದು, ಅದಕ್ಕೆ ಸಮಯ ಹಿಡಿಯುತ್ತದೆ. ಈ ದುಡ್ಡು ವಾಪಸ್ ಕೇಳುವುದಿಲ್ಲ, ಮನೆಯಲ್ಲಿ ಪಾಲು ಕೇಳುವುದಿಲ್ಲ ಎಂಬ ಪತ್ರಕ್ಕೂ ಅವರ ಸಹಿ ಬೇಕು. ಭಾರತದಲ್ಲಿರುವವರು ಒಂದು ಆರ್ಥಿಕ ವರ್ಷದಲ್ಲಿ ತಲೆಗೆ 2.5 ಲಕ್ಷ ಡಾಲರ್‌ವರೆಗೆ ಮಾತ್ರ ಕಳಿಸಬಹುದು, ಮಾರ್ಚ್ ಏಪ್ರಿಲ್ ನೋಡಿಕೊಂಡು ಯೋಜಿಸಿ.

ಎಕ್ಸ್‌ಚೇಂಜ್, ಅಂದರೆ ಎರಡೂ ಕಡೆಯವರು ಸಹಿ ಹಾಕಿದ ಒಪ್ಪಂದದ ವಿನಿಮಯ, ಆಗುವವರೆಗೆ ಯಾರು ಬೇಕಾದರೂ ಹಿಂದೆ ಸರಿಯಬಹುದು, ಊರಿನಂತೆ ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟ್ ಮಾಡಿಟ್ಟುಕೊಳ್ಳುವ ರೂಢಿ ಇಲ್ಲಿಲ್ಲ. ಎಕ್ಸ್‌ಚೇಂಜ್ ದಿನ ಸಾಮಾನ್ಯವಾಗಿ ಶೇ 10 ಕಟ್ಟುತ್ತೀರಿ, ಆಮೇಲೆ ಬೇಡವೆಂದರೆ ಅದು ಹೋಯಿತು. ಆ ದುಡ್ಡು ಕಳಿಸುವ ಹೊತ್ತಿನಲ್ಲಿ ಬಹಳ ಜಾಗ್ರತೆ. ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಎಂದು ಸಾಲಿಸಿಟರ್ ಹೆಸರಿನಲ್ಲೇ ಇಮೇಲ್ ಬಂದರೆ ಅದು ಕಳ್ಳರದ್ದು ಎಂದೇ ತಿಳಿಯಿರಿ. ಮೊದಲ ದಿನ ಬರೆದಿಟ್ಟುಕೊಂಡ ನಂಬರಿಗೆ ಫೋನ್ ಮಾಡಿ, ಖಾತೆಯ ಅಂಕಿಗಳನ್ನು ಅವರ ಬಾಯಿಂದಲೇ ಓದಿಸಿ, ಮೊದಲು 1 ಪೌಂಡ್ ಕಳಿಸಿ, ಬಂತು ಎಂದ ಮೇಲೆ ಉಳಿದದ್ದು.

ಮಾರುವವರು ಏಜೆಂಟನ್ನು ಹಿಡಿಯುವ ಹೊತ್ತಿಗೇ ಸಾಲಿಸಿಟರನ್ನೂ ಗೊತ್ತುಮಾಡಿ. ಮಾರುವವರು ತುಂಬಿಕೊಡುವ ಟಿಎ6 ಎಂಬ ಫಾರ್ಮಿನಲ್ಲಿ ನೆರೆಯವರೊಂದಿಗಿನ ಜಗಳದಿಂದ ಹಿಡಿದು ಜಪಾನೀಸ್ ನಾಟ್‌ವೀಡ್ ಕಳೆಯವರೆಗೆ ಕೇಳಿರುತ್ತಾರೆ, ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಊರಿಗೆ ವಾಪಸ್ ಹೋಗಿ ಅಲ್ಲಿಂದ ಮಾರುವವರು, ತೆರಿಗೆ ಬರದಿದ್ದರೂ 60 ದಿನದೊಳಗೆ ಇಲ್ಲಿನ ತೆರಿಗೆ ಇಲಾಖೆಯಾದ ಎಚ್ಎಂಆರ್‌ಸಿಗೆ ವರದಿ ಕೊಡಬೇಕು.

ಕೊನೆಯದು ಹೆಸರು. ನಮ್ಮಲ್ಲಿ ಇನಿಶಿಯಲ್ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿಕೊಂಡು ಅಪ್ಪನ ಹೆಸರೋ ಊರಿನ ಹೆಸರೋ ಸರ್‌ನೇಮ್ ಆಗಿ ಕೂತಿರುತ್ತದೆ, ಬ್ಯಾಂಕಿನಲ್ಲಿ ಇನ್ನೊಂದು. ಪಾಸ್‌ಪೋರ್ಟಿನಲ್ಲಿರುವ ಹಾಗೇ ಎಲ್ಲ ಕಡೆ ಬರಲಿ ಎಂದು ಶುರುವಿನಲ್ಲೇ ತಿಳಿಸಿ. ಕಂಪ್ಲೀಷನ್ (ಪೂರ್ತಿ ದುಡ್ಡು ಸಂದು ಕೀಲಿ ಕೈಗೆ ಬರುವುದು) ಆದ 14 ದಿನದೊಳಗೆ ಸ್ಟ್ಯಾಂಪ್ ಡ್ಯೂಟಿ ರಿಟರ್ನ್ ಹೋಗಬೇಕು, ಆಮೇಲೆ ಲ್ಯಾಂಡ್ ರಿಜಿಸ್ಟ್ರಿಯಲ್ಲಿ ನಿಮ್ಮ ಹೆಸರು ಏರುತ್ತದೆ. ಇದಕ್ಕೆ ಕೆಲವೊಮ್ಮೆ ತಿಂಗಳುಗಳೇ ಬೇಕು. ಹೊಸ ರಿಜಿಸ್ಟರ್ ಪ್ರತಿ ಕೈಗೆ ಬಂದಾಗ ಒಂದೊಂದು ಅಕ್ಷರವನ್ನೂ ಪಾಸ್‌ಪೋರ್ಟ್ ಪಕ್ಕಕ್ಕಿಟ್ಟು ಓದಿ. ಒಂದಕ್ಷರ ತಪ್ಪಿದ್ದರೂ ಅವತ್ತೇ ಸಾಲಿಸಿಟರಿಗೆ ಫೋನ್ ಮಾಡಿ ಸರಿಮಾಡಿಸಿ.