ಬಾತ್‌ಟಬ್ ನೀರು ಇಳಿಯದಿದ್ದಾಗ ನಾನು ಮಾಡಿದ್ದು

ಜೆ.ಪಿ. ನಗರದ ನಮ್ಮ ಮನೆಗೆ ಬೋರ್‌ವೆಲ್ ನೀರು. ಗಡಸು ನೀರಿಗೆ ಸೋಪು ಸೇರಿದರೆ ಬಿಳಿ ಜಿಡ್ಡು ಕಟ್ಟುತ್ತದೆ, ಅದಕ್ಕೆ ಕೂದಲೂ ಸಿಕ್ಕಿಕೊಂಡರೆ ಮುಗೀತು.

ಟಬ್‌ನ ನೀರನ್ನು ಮಗ್‌ನಲ್ಲಿ ಮೊಗೆದು ಹಾಕಿ, ಜಾಲರಿ ಬಿಚ್ಚಿದೆ. ತುದಿ ಬಗ್ಗಿಸಿದ ತಂತಿ ಇಳಿಸಿ ತಿರುಗಿಸಿ ಎಳೆದರೆ, ಬೂದು ಬಣ್ಣದ ಲೋಳೆ ಮೆತ್ತಿದ ಕೂದಲಿನ ಉಂಡೆ! ಅಬ್ಬಾ, ಆ ವಾಸನೆ. ಆದರೂ ನೀರು ನಿಧಾನವೇ. ಆಮೇಲೆ ಪ್ಲಂಜರ್ (ಹಿಡಿಯ ತುದಿಗೆ ರಬ್ಬರ್ ಬಟ್ಟಲಿರುವ, ತೂತಿನ ಮೇಲಿಟ್ಟು ಒತ್ತುವ ಸಾಧನ) ಹಿಡಿದೆ. ಇದರಲ್ಲೊಂದು ಗುಟ್ಟಿದೆ: ಟಬ್‌ನ ಮೇಲ್ಭಾಗದ ಓವರ್‌ಫ್ಲೋ ತೂತನ್ನು ಒದ್ದೆ ಬಟ್ಟೆಯಿಂದ ಬಿಗಿಯಾಗಿ ಮುಚ್ಚಬೇಕು. ಇಲ್ಲದಿದ್ದರೆ ಗಾಳಿಯೆಲ್ಲ ಅಲ್ಲಿಂದಲೇ ಹೋಗುತ್ತದೆ, ಎಷ್ಟು ಒತ್ತಿದರೂ ಸುಮ್ನೆ. ರಬ್ಬರ್ ಮುಳುಗುವಷ್ಟು ನೀರೂ ಇರಲಿ. ಜೋರಾಗಿ ಒತ್ತಿ ಎಳೆದಾಗ ಗುಳುಗುಳು ಅಂತ ಪೂರ್ತಿ ಇಳಿಯಿತು.

ಆಸಿಡ್ ಮಾತ್ರ ದಯವಿಟ್ಟು ಸುರಿಯಬೇಡಿ. ಅದು ಬ್ಲೀಚಿಂಗ್ ಪೌಡರ್ ಜೊತೆ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಮುಚ್ಚಿದ ಬಾತ್‌ರೂಮಿನಲ್ಲಿ ಅದು ಜೀವಕ್ಕೇ ಅಪಾಯ.